ಲೋಕಲ್‌ನ ಗದ್ದಲದಲ್ಲಿ ವಿಠಲನಿಗೆ ಕೇಳುತ್ತದೆಯೇ?

ಕಲ್ಯಾಣ, ಡೊಂಬಿವಲಿಯಿಂದ ಮುಂಬೈಗೆ ಓಡುವ ಲೋಕಲ್‌ಗಳಲ್ಲಿ ತಾಳ ತಟ್ಟಿ ಅಭಂಗ ಹಾಡುವ ಭಜನಾ ಮಂಡಳಿಗಳನ್ನು ಇಲ್ಲಿನ ಕನ್ನಡಿಗರೆಲ್ಲ ಬಲ್ಲರು. ಅವರು ಕೂಗಿ ಕರೆಯುವ ಪಂಢರಪುರದ ವಿಠಲನೇ ಪುರಂದರದಾಸರ ಅಂಕಿತದಲ್ಲೂ ಇದ್ದಾನೆ. ಸಂತ ಜ್ಞಾನೇಶ್ವರರಂತೂ ಅವನನ್ನು ಕನ್ನಡಿಗನೆಂದೇ ಕರೆದರು. ಹಾಗಾಗಿ ಭಾಷೆ ತಿಳಿಯಲಿಲ್ಲವೆಂದು ಅವನು ನೆಪ ಹೇಳುವಂತಿಲ್ಲ!

ಊರಿನ ಆಸ್ಪತ್ರೆಯಲ್ಲಿ ಅಪ್ಪ ಐಸಿಯುನಲ್ಲಿದ್ದ ಆ ಒಂದು ವಾರ, ಠಾಣೆ ದಾಟುವವರೆಗೂ ಕಣ್ಣುಮುಚ್ಚಿ ಬೇಡಿಕೊಳ್ಳುತ್ತಿದ್ದೆ. ಅಪ್ಪ ಉಳಿಯಲಿಲ್ಲ.

ಆಮೇಲೆ ದಾಸರ ನಿಂದಾಸ್ತುತಿಗಳು ನನಗೆ ಬೇರೆಯಾಗಿ ಕೇಳಿಸತೊಡಗಿದವು. ದೇವರನ್ನೇ ತಡೆದು ನಿಲ್ಲಿಸಿ, ಹಂಗಿಸಿ, ಲೆಕ್ಕ ಕೇಳುವ ಪದಗಳವು. ಕೇಳಿಸಿಕೊಳ್ಳದವನ ಜೊತೆ ಯಾರಾದರೂ ಅಷ್ಟೊಂದು ಜಗಳ ಆಡುತ್ತಾರೆಯೇ?

ಅವನಲ್ಲಿ ಬೇಡುವುದನ್ನು ಈಗ ಬಿಟ್ಟಿದ್ದೇನೆ. ಜಗಳ ಮಾತ್ರ ನಡೆದೇ ಇದೆ.