ಮೊಣಕಾಲುದ್ದ ನೀರು ಅಂತ ಕೆರೆನ ಸಸಾರ ಮಾಡಬ್ಯಾಡ್ರಿ: ಮೀನು ಸಾಯೋದು ಯಾಕೆ, ಮನುಷ್ಯರು ಮುಳುಗೋದು ಯಾಕೆ?

ಸಾಂಬ್ರಾ: ಅಡ್ಡಮಳೆ ಹೊಡೆದ ಮರುದಿನ ಬೆಳಿಗ್ಗೆ ಊರ ಕೆರೆ ದಂಡೆಗೆ ಮೀನು ಹೊಟ್ಟೆ ಮೇಲೆ ಮಾಡಿ ತೇಲಿ ಬಂದರೆ ಮೊದಲು ಹುಟ್ಟೋ ಮಾತು ಒಂದೇ. "ಯಾರೋ ರಾತ್ರಿ ಎಣ್ಣಿ ಹಾಕ್ಯಾರ." ಅದರ ಬೆನ್ನಿಗೇ ಹರಾಜಿನಾಗ ಕೆರೆ ಸಿಗದೇ ಹೋದವರ ಹೆಸರು ಬರ್ತದೆ, ಮಾತಿಗೆ ಮಾತು ಬೆಳೀತದೆ, ಪಂಚಾಯಿತಿ ಕಟ್ಟೆ ಮೇಲೆ ಜನ ಎರಡು ಪಾಳಿ ಆಗ್ತಾರೆ. ಎಣ್ಣಿ ಹಾಕಿದ ಪ್ರಕರಣಗಳು ಇಲ್ಲವೇ ಇಲ್ಲ ಅಂತಲ್ಲ. ಆದರೆ ಬೇಸಿಗೆ ಕೊನೆಗೆ ನಮ್ಮ ಕಡೆ ಕೆರೆಗಳಲ್ಲಿ ಮೀನು ಸಾಯೋದಕ್ಕೆ ಯಾರೂ ಏನೂ ಹಾಕಬೇಕಾಗಿಲ್ಲ. ನೀರು ತೆಳ್ಳಗಾಗಿದ್ದರೆ ಸಾಕು.

ಹಿಡಕಲ್ ಡ್ಯಾಮಿನ ಹಿನ್ನೀರು, ಸವದತ್ತಿಯ ನವಿಲುತೀರ್ಥದ ರೇಣುಕಾಸಾಗರ ಇವೆಲ್ಲ ಆಳದ ನೀರು. ಸಾಂಬ್ರಾ ಸುತ್ತಿನ ಊರ ಕೆರೆಗಳ ಕಥೆ ಬೇರೆ. ಮಳೆಗಾಲದಲ್ಲಿ ತುಂಬಿ ಕಾಣ್ತವೆ, ಏಪ್ರಿಲ್ ಬಂದರೆ ನಡುಮಟ್ಟ, ಮೇ ತಿಂಗಳಲ್ಲಿ ಎಮ್ಮಿ ಮಲಗಿದರೆ ಬೆನ್ನು ಕಾಣೋವಷ್ಟು. ಇಂಥ ಕೆರೆಯಲ್ಲೇ ಮೀನು ಜೋರಾಗಿ ಬೆಳೆಯೋದು ಅನ್ನೋದು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ. ಆಳ ಕಡಿಮೆ ಇದ್ದರೆ ಬಿಸಿಲು ತಳದ ತನಕ ಇಳೀತದೆ, ನೀರು ಬೆಚ್ಚಗಿರ್ತದೆ, ಪಾಚಿ ಮತ್ತು ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಹುಲುಸಾಗಿ ಬೆಳೀತವೆ. ಮೀನಿಗೆ ಅದೇ ಊಟ. ಹೊಲದಿಂದ ಹರಿದು ಬಂದ ಗೊಬ್ಬರ, ದನಕರುಗಳ ಸೆಗಣಿ ಎಲ್ಲಾ ಸೇರಿ ಕೆರೆಯೇ ಒಂದು ಹೊಲ ಆಗ್ತದೆ. ಕಾಟ್ಲಾ ಮೇಲಿನ ನೀರಿನಾಗ ಮೇಯ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಮೂರನ್ನೂ ಕೂಡಿಸಿ ಬಿಡೋದು ಅದಕ್ಕೇ. ಒಂದರ ಊಟಕ್ಕೆ ಇನ್ನೊಂದು ಬರೋದಿಲ್ಲ.

ಮಳೆ ಶುರುವಾಗಿ ಕೆರೆಗೆ ನೀರು ಬಂದ ಮೇಲೆ ಬೆರಳುದ್ದದ ಮರಿ ಬಿಟ್ಟರೆ, ಬೇಸಿಗೆ ಹೊತ್ತಿಗೆ ಮುಕ್ಕಾಲು ಕೆ.ಜಿ., ಒಂದು ಕೆ.ಜಿ. ಆಗೋದು ಸಾಧ್ಯ. ಅದಕ್ಕಿಂತ ಸಣ್ಣ ಮರಿ ಅಗ್ಗಕ್ಕೆ ಸಿಗ್ತಾವೆ ಅಂತ ತಂದು ಸುರಿದರೆ ಕೊರಮೀನಿನ ಬಾಯಿಗೆ ಹಾಕಿದಂಗೆ. ನಮ್ಮ ಕಡೆ ಇದನ್ನ ಮರಲ್ ಅಂತಲೂ ಕರೀತಾರೆ, ಸಣ್ಣ ಮೀನು ನುಂಗೋದೇ ಅದರ ಕಸುಬು.

ಇನ್ನು ಸಾಯೋ ಲೆಕ್ಕಕ್ಕೆ ಬರೋಣ.

ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು ಆಮ್ಲಜನಕ ಇರ್ತದೆ. ಬೇಸಿಗೆಯ ಬೆಚ್ಚನೆ ನೀರಿನ ಒಂದು ಲೀಟರಿನಲ್ಲಿ ಕರಗಿರೋದು ಹೆಚ್ಚಂದರೆ 7-8 ಮಿಲಿಗ್ರಾಂ. ನೀರು ಬಿಸಿಯಾದಷ್ಟೂ ಅದು ಇನ್ನೂ ಇಳೀತದೆ. ಅಂದರೆ ಮೀನು ಬದುಕೋದೇ ಬಹಳ ಸಣ್ಣ ಗಂಟಿನ ಮೇಲೆ. ಲೀಟರಿಗೆ 3 ಮಿಲಿಗ್ರಾಂಗಿಂತ ಕೆಳಗೆ ಬಂದರೆ ಗೆಂಡೆ ಜಾತಿಯ ಮೀನಿಗೆ ತ್ರಾಸು ಶುರು, 1ಕ್ಕಿಂತ ಕೆಳಗೆ ಹೋಗಿ ಹಂಗೇ ನಿಂತರೆ ಬದುಕೋದಿಲ್ಲ.

ಹಗಲು ಪಾಚಿ ಬಿಸಿಲಿನ ಬಲದಿಂದ ಆಮ್ಲಜನಕ ಬಿಡ್ತದೆ. ಸಂಜೆ ನಾಲ್ಕರ ಹೊತ್ತಿಗೆ ಕೆರೆ ಶ್ರೀಮಂತ. ಹೊತ್ತು ಮುಳುಗಿದ ಮೇಲೆ ಅದೇ ಪಾಚಿ, ಮೀನು, ತಳದ ಕೊಳೆತ ರಾಡಿ ಎಲ್ಲವೂ ಕೂಡಿ ಇದ್ದ ಆಮ್ಲಜನಕವನ್ನು ಉಣ್ಣೋಕೆ ಕೂಡ್ತವೆ. ರಾತ್ರಿ ಇಡೀ ಖರ್ಚು, ಗಳಿಕೆ ಇಲ್ಲ. ನಸುಕಿನ ನಾಲ್ಕು-ಐದು ಗಂಟೆ ಹೊತ್ತಿಗೆ ಗಂಟು ಬರಿದಾಗಿರ್ತದೆ. ಆಳದ ಕೆರೆಯಲ್ಲಿ ನೀರಿನ ದಾಸ್ತಾನು ದೊಡ್ಡದು, ಹೆಂಗೋ ಬೆಳಗಾಗೋ ತನಕ ತಡೀತದೆ. ಮೂರು ಅಡಿ ನೀರಿನ ಕೆರೆಯಲ್ಲಿ ದಾಸ್ತಾನು ಎಲ್ಲಿಂದ ಬರಬೇಕು?

ಇದರ ಮೇಲೆ ಅಡ್ಡಮಳೆ. ತಂಪು ಮಳೆನೀರು ತಳಕ್ಕಿಳಿದು ರಾಡಿಯನ್ನ ಕಲಕ್ತದೆ, ಗಾಳಿ ಇನ್ನಷ್ಟು ತಿರುವಿ ಹಾಕ್ತದೆ, ವರ್ಷಗಟ್ಟಲೆ ಕೂತ ಕೊಳೆ ಒಮ್ಮೆಲೇ ಮೇಲೆದ್ದು ಆಮ್ಲಜನಕ ನುಂಗ್ತದೆ. ಕೊಳೆತ ತತ್ತಿಯಂಥ ವಾಸನೆ ಬರೋದು ಆವಾಗಲೇ. ದಂಡೆ ಮೇಲಿನ ಕಸ, ಸೆಗಣಿ, ಚರಂಡಿ ನೀರು ಮೊದಲ ಮಳೆಗೇ ಕೆರೆ ಸೇರ್ತದೆ. ಮರುದಿನ ಮೋಡ ಮುಚ್ಚಿದ್ದರೆ ಪಾಚಿಗೆ ಬಿಸಿಲೂ ಇಲ್ಲ. ಎರಡನೇ ನಸುಕಿಗೆ ಮೀನು ತೇಲ್ತವೆ. ನಗರದ ಕೊಳಚೆ ಹೊತ್ತು ಬರುವ ಬಳ್ಳಾರಿ ನಾಲೆಯಂಥ ನೀರು ಸೇರುವ ಕಡೆಗಂತೂ ಇದಕ್ಕೆ ಮಳೆಯ ನೆಪವೂ ಬೇಕಿಲ್ಲ.

ಎಣ್ಣಿಯೋ, ಉಸಿರುಗಟ್ಟಿದ್ದೋ? ಹಿಂಗ ನೋಡ್ರಿ

ಪೊಲೀಸ್ ಠಾಣೆಗೆ ಹೋಗೋ ಮೊದಲು ದಂಡೆ ಮೇಲೆ ನಿಂತು ನೋಡಿದರೇ ಅರ್ಧ ಗೊತ್ತಾಗ್ತದೆ. ಉಸಿರುಗಟ್ಟಿ ಸತ್ತಿದ್ದರೆ ಸಾವು ನಸುಕಿನಲ್ಲಿ ಆಗಿರ್ತದೆ, ಅದಕ್ಕೂ ಮುಂಚೆ ಒಂದೆರಡು ದಿನ ಬೆಳಿಗ್ಗೆ ಮೀನು ನೀರಿನ ಮೇಲೆ ಬಂದು ಬಾಯಿ ಬಿಡ್ತಿರ್ತವೆ, ಬಿಸಿಲೇರಿದ ಮೇಲೆ ಕೆಳಗೆ ಹೋಗ್ತವೆ. ದೊಡ್ಡ ಮೀನು ಮೊದಲು ಸಾಯ್ತವೆ, ಮರಿ ಉಳೀತವೆ. ಮುಖ್ಯವಾಗಿ ಕೊರಮೀನು, ಕ್ಯಾಟ್‌ಫಿಶ್ ಆರಾಮ ಇರ್ತವೆ, ಯಾಕಂದರೆ ಅವು ಮೇಲೆ ಬಂದು ನೇರ ಗಾಳಿಯನ್ನೇ ಕುಡಿಯಬಲ್ಲವು. ಜಿಲೇಬಿ ಮೀನೂ ಬಹಳ ತಡೀತದೆ. ಇದಕ್ಕೆ ಪ್ರತಿಯಾಗಿ ಸಣ್ಣದು ದೊಡ್ಡದು ಎನ್ನದೆ ಎಲ್ಲ ಮೀನು, ಕೊರಮೀನೂ ಸೇರಿ, ಜೊತೆಗೆ ಕಪ್ಪೆ, ನೀರುಹುಳ ಎಲ್ಲ ಒಟ್ಟಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಸತ್ತಿದ್ದರೆ ಎಣ್ಣಿಯ ಅನುಮಾನ ಪಡೋದು ನ್ಯಾಯ. ಆವಾಗ ತಡಮಾಡದೆ ತೊಳೆದ ಬಾಟಲಿಯಲ್ಲಿ ನೀರು ಹಿಡಿದು, ಇನ್ನೂ ಒದ್ದಾಡುತ್ತಿರುವ ಒಂದೆರಡು ಮೀನನ್ನು ಐಸ್‌ನಲ್ಲಿಟ್ಟು, ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಮುಟ್ಟಿಸಬೇಕು. ಮಧ್ಯಾಹ್ನದ ತನಕ ಕೊಳೆತ ಮೀನಿನಿಂದ ಏನೂ ಸಾಬೀತು ಆಗೋದಿಲ್ಲ.

ಎರಡರಲ್ಲಿ ಯಾವುದೇ ಇದ್ದರೂ ತೇಲಿದ ಮೀನು ಬುಟ್ಟಿಗೆ ತುಂಬಿ ಮಾರೋದು, ತಿನ್ನೋದು ಬೇಡ. ನೀರಿನ ಮೇಲೆ ಹಸಿರು ಬಣ್ಣ ಬಳಿದಂಗೆ ಕೆನೆ ಕಟ್ಟಿದ್ದರೆ ದನಗಳಿಗೂ ಆ ನೀರು ಕುಡಿಸಬೇಡ್ರಿ. ಆ ಪಾಚಿಯ ಕೆಲವು ಜಾತಿಗಳು ವಿಷ ಬಿಡ್ತವೆ. ಇನ್ನೊಂದು ಮಾತು ಸಾಂಬ್ರಾದವರಿಗೇ ವಿಶೇಷ. ಸತ್ತ ಮೀನು ದಂಡೆಗೆ ಬಿಟ್ಟರೆ ಹದ್ದು, ಕಾಗೆ ಹಿಂಡುಗಟ್ಟಿ ಬರ್ತವೆ, ತಲೆ ಮೇಲೆ ವಿಮಾನ ಇಳೀತಿರ್ತವೆ. ವಿಮಾನ ನಿಲ್ದಾಣದ ಸುತ್ತ 10 ಕಿ.ಮೀ. ಒಳಗೆ ಹಕ್ಕಿಗಳನ್ನ ಸೆಳೆಯುವಂತೆ ಕಸ, ಪ್ರಾಣಿ ತ್ಯಾಜ್ಯ ಎಸೆಯೋದು ವಿಮಾನಯಾನ ನಿಯಮಗಳ ಪ್ರಕಾರ ಅಪರಾಧ. ಗುಂಡಿ ತೋಡಿ ಸುಣ್ಣ ಹಾಕಿ ಹೂಳೋದೇ ಸರಿ.

ತಪ್ಪಿಸೋದು ಹೆಂಗೆ? ದೊಡ್ಡ ಉಪಾಯ ಏನಿಲ್ಲ. ನೀರು ಇಳಿಯೋ ಮುಂಚೆ ದೊಡ್ಡ ಮೀನು ಹಿಡಿದು ಮಾರಬೇಕು. ಮೇ ತನಕ ಕಾದರೆ ಇನ್ನೂ ಕಾಲು ಕೆ.ಜಿ. ಬರ್ತದೆ ಅನ್ನೋ ಆಸೆಯೇ ಎಷ್ಟೋ ಗುತ್ತಿಗೆದಾರರನ್ನ ಮುಳುಗಿಸಿದ್ದು. ನಸುಕಿನಲ್ಲಿ ಮೀನು ಬಾಯಿ ಬಿಡೋದು ಕಂಡ ದಿನವೇ ಪಂಪ್‌ಸೆಟ್ ಹಚ್ಚಿ ಕೆರೆ ನೀರನ್ನೇ ಎತ್ತಿ ಮೇಲಿಂದ ಚಿಮ್ಮಿಸಿದರೆ ಒಂದಿಷ್ಟು ಉಳೀತದೆ. ಖಾನಾಪುರದ ಕೆಂಪು ಜಂಬಿಟ್ಟಿಗೆ ಮಣ್ಣಿನ ಕೆರೆಗಳಿಗೆ ಸುಣ್ಣ ಹಾಕೋದು ರೂಢಿಯಲ್ಲಿರಬೇಕು, ಆ ಮಣ್ಣು ಹುಳಿ. ಇತ್ತ ಸಾಂಬ್ರಾ ಕಡೆ ಎರೆಮಣ್ಣಿಗೆ ಅಷ್ಟು ಸುಣ್ಣ ಬೇಡ, ಇಲ್ಲಿನ ತೊಂದರೆ ಸಣ್ಣ ಮಣ್ಣಿನ ಕಣ ನೀರಿನಲ್ಲೇ ತೇಲಿ ಬಿಸಿಲು ಒಳಗೆ ಬಿಡದಿರೋದು.

ಗುತ್ತಿಗೆಯ ಮಾತೂ ಇಲ್ಲೇ ಹೇಳಬೇಕು. ಅಚ್ಚುಕಟ್ಟು 40 ಹೆಕ್ಟೇರ್, ಅಂದರೆ ಸುಮಾರು 100 ಎಕರೆಗಿಂತ ಕಡಿಮೆ ಇರುವ ಸಣ್ಣ ಕೆರೆಗಳು ಪಂಚಾಯಿತಿ ಕೈಯಲ್ಲಿ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆ ಕೈಯಲ್ಲಿ. ದೊಡ್ಡ ಕೆರೆಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆ ಕೊಡ್ತದೆ, ಮೀನುಗಾರರ ಸಹಕಾರ ಸಂಘಗಳಿಗೆ ಮೊದಲ ಆದ್ಯತೆ. ಗುತ್ತಿಗೆ ಹಿಡಿದವನಿಗೆ ಸಿಗೋದು ಮೀನು, ನೀರಲ್ಲ. ಬೆಳೆಗೆ ತೂಬು ಎತ್ತಬೇಡ್ರಿ ಅನ್ನೋ ಅಧಿಕಾರ ಅವನಿಗಿಲ್ಲ. ರೈತ ತೂಬು ಎತ್ತಿದ ವಾರವೇ ನೀರು ತೆಳ್ಳಗಾಗಿ ಮೀನು ಸತ್ತರೆ ಜಗಳಕ್ಕೆ ಕಾರಣ ಸಿಕ್ಕಂಗೆ. ಕೆರೆಯ ತೀರಾ ತಗ್ಗಿನ ಭಾಗದಲ್ಲಿ ನಾಲ್ಕೈದು ಅಡಿ ನೀರು ಉಳಿಸೋ ಒಪ್ಪಂದ ಹರಾಜಿನ ದಿನವೇ ಊರವರ ಎದುರು ಆಗಿಬಿಟ್ಟರೆ ದನಗಳಿಗೂ ಕುಡಿಯೋಕೆ ಆಗ್ತದೆ.

ಹರಿಗೋಲು, ಟ್ಯೂಬು ಮತ್ತು ಜೆಸಿಬಿ ಗುಂಡಿ

ಮೀನಿನಂತೆಯೇ ಮನುಷ್ಯನಿಗೂ ತೆಳ್ಳನೆ ನೀರು ಮೋಸ. ಇಂಥ ಕೆರೆಗೆ ಹರಿಗೋಲಿನಷ್ಟು ಒಪ್ಪುವ ದೋಣಿ ಇನ್ನೊಂದಿಲ್ಲ. ಬಿದಿರ ಹೆಣಿಕೆ, ಹಿಂದೆ ಮೇಲೆ ಚರ್ಮ, ಈಗ ಡಾಂಬರು ಬಳಿದ ಗೊಬ್ಬರದ ಚೀಲ, ಕೆಲವು ಕಡೆ ಫೈಬರ್. ತಳ ಚಪ್ಪಟೆ, ಒಂದು ಅಡಿ ನೀರಿನಲ್ಲೂ ಹೋಗ್ತದೆ. ಹುಟ್ಟು ಹಾಕೋಕೆ ಆಳ ಇಲ್ಲದ ಕಡೆ ಬಿದಿರ ಗಳದಿಂದ ತಳ್ಳಬಹುದು. ಆದರೆ ಒಳಗೆ ಒಬ್ಬ ಎದ್ದು ನಿಂತು ಬಲೆ ಬೀಸಿದರೆ ಇಡೀ ಹರಿಗೋಲು ವಾಲ್ತದೆ. ಹರಿಗೋಲೂ ಇಲ್ಲದವರು ಲಾರಿ ಟ್ಯೂಬಿನ ಮೇಲೆ ಕೂತು ಬಲೆ ಬಿಡ್ತಾರೆ. ತೆಳ್ಳನೆ ನೀರಿನಲ್ಲಿ ಗಾಳಿ ಎದ್ದರೆ ಅಲೆ ಗಿಡ್ಡ, ಒಂದರ ಹಿಂದೆ ಒಂದು ಬಡೀತದೆ, ಟ್ಯೂಬು ಮಗುಚೋಕೆ ಹೊತ್ತು ಬೇಡ. ಮಗುಚಿದ ಮೇಲೆ ಕಾಲಿಗೆ ಸಿಗೋದು ನಾವೇ ಬಿಟ್ಟ ಬಲೆ, ಜೊಂಡು, ತಾವರೆ ಬೇರು. ಮೇ ತಿಂಗಳ ಸಂಜೆ ಗುಡುಗು ಕೇಳಿಸಿತು ಅಂದರೆ ಬಲೆ ಅಲ್ಲೇ ಬಿಟ್ಟು ದಂಡೆಗೆ ಬರೋದೇ ಸರಿ. ಬಯಲು ನೀರಿನ ನಡುವೆ ಎತ್ತರದ ವಸ್ತು ಅಂದರೆ ಹರಿಗೋಲಿನಲ್ಲಿ ಕೂತವನ ತಲೆಯೇ.

ರಾಡಿಯಲ್ಲಿ ಕಾಲು ಹೂತರೆ ಕಿತ್ತುಕೊಳ್ಳೋಕೆ ಹೋದಷ್ಟೂ ಇನ್ನೊಂದು ಕಾಲು ಇಳೀತದೆ. ಬೆನ್ನ ಮೇಲೆ ಅಂಗಾತ ಒರಗಿ, ತೂಕ ಹರಡಿ, ಒಂದೊಂದೇ ಕಾಲು ನಿಧಾನಕ್ಕೆ ಬಿಡಿಸಿಕೊಳ್ಳಬೇಕು. ದಂಡೆಯಲ್ಲಿದ್ದವರು ನೀರಿಗೆ ಹಾರಬಾರದು. ಹಗ್ಗ, ಗಳ, ಟ್ಯೂಬು, ಖಾಲಿ ಕ್ಯಾನು, ಕೈಗೆ ಏನು ಸಿಗ್ತದೋ ಅದನ್ನ ಎಸೀರಿ, 112ಕ್ಕೆ ಫೋನ್ ಹಚ್ಚಿರಿ. ಒಬ್ಬರನ್ನ ಉಳಿಸೋಕೆ ಹೋಗಿ ಇಬ್ಬರು, ಮೂವರು ಹೋದ ಸುದ್ದಿ ನಾವು ಬರೆದು ಬರೆದು ಸಾಕಾಗಿದೆ.

ಈ ಕಸುಬಿನವರಿಗೆ ಒಂದು ಸೌಲಭ್ಯ ಇದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಗುಂಪು ಅಪಘಾತ ವಿಮೆಯಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿ ಇಟ್ಟಿದ್ದಾರೆ, ಕಂತು ಸರ್ಕಾರವೇ ಕಟ್ಟುತ್ತದೆ. ಕೆರೆಯಲ್ಲಿ ಹಿಡಿಯುವವರಿಗೂ ಇದು ಅನ್ವಯ, ಸಮುದ್ರದವರಿಗೆ ಮಾತ್ರ ಅಲ್ಲ. ಹೆಸರು ನೋಂದಣಿ ಆಗಿದೆಯೋ ಇಲ್ಲವೋ ಅನ್ನೋದನ್ನ ಸಂಘದಲ್ಲಿ ಇಲ್ಲವೇ ಇಲಾಖೆ ಕಚೇರಿಯಲ್ಲಿ ಒಮ್ಮೆ ಕೇಳಿ ಬರ್ರಿ.

ಉಳಿದದ್ದು ಗುಂಡಿ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೊಲಕ್ಕೆ ಹೂಳು, ಇಟ್ಟಿಗೆ ಭಟ್ಟಿಗೆ ಮಣ್ಣು ಅಂತ ಜೆಸಿಬಿ ಇಳೀತದೆ. ಹೂಳು ತೆಗೆಯೋದು ಕೆರೆಗೆ ಒಳ್ಳೇದೇ, ತಕರಾರು ಅದಲ್ಲ. ಕೆರೆ ಉದ್ದಕ್ಕೂ ಸಮನಾಗಿ ಕೆರೆಯೋ ಬದಲು ಮಣ್ಣು ಚಲೋ ಸಿಕ್ಕ ಕಡೆ ಬಾವಿಯಂಗೆ ಕಡಿದು ಬಿಟ್ಟು ಹೋಗ್ತಾರಲ್ಲ, ಅದು. ಮಳೆ ಬಂದ ಮೇಲೆ ಮೇಲಿಂದ ನೋಡಿದರೆ ಇಡೀ ಕೆರೆ ಒಂದೇ ಬಣ್ಣ. ಮೊಣಕಾಲುದ್ದ ನೀರಿನಲ್ಲಿ ನಡ್ಕೊಂಡು ಹೋಗೋ ಹುಡುಗನಿಗೆ ಮುಂದಿನ ಹೆಜ್ಜೆಗೆ ಹತ್ತು ಅಡಿ. ಎಮ್ಮಿ ಮೈ ತೊಳೆಯೋಕೆ ಹೋದವರು, ಸೂಟಿಯಲ್ಲಿ ಗಾಳ ಹಾಕೋಕೆ ಹೋದ ಶಾಲೆ ಹುಡುಗರು ಸಿಕ್ಕಿಬೀಳೋದು ಇಲ್ಲೇ. ಗುಂಡಿ ಎಲ್ಲೆಲ್ಲಿವೆ ಅಂತ ಕಣ್ಣಾರೆ ಕಾಣೋದು ಕೆರೆ ಒಣಗಿದಾಗ ಮಾತ್ರ. ಅಂಚು ಇಳಿಜಾರು ಮಾಡಿಸೋದು, ಆಗದಿದ್ದರೆ ನಾಲ್ಕು ಮೂಲೆಗೆ ಎತ್ತರದ ಗಳ ನೆಟ್ಟು ಕೆಂಪು ಬಟ್ಟೆ ಕಟ್ಟೋದು, ಎರಡೂ ಒಂದು ದಿನದ ಕೆಲಸ. ಪಂಚಾಯಿತಿಯವರು ಅದನ್ನ ಮಿರಗ ಕೂಡೋದರೊಳಗೆ ಮಾಡಿಸಬೇಕು. ಮಿರಗ ಕೂಡೋದು ಜೂನ್ 7-8ರ ಸುಮಾರಿಗೆ.