ಬಜ್ಪೆ ವಿಮಾನ ನಿಲ್ದಾಣ: ಮೊದಲು ನೋಡಬೇಕಾದ್ದು ರನ್‌ವೇಯ ತುದಿ

ವಿಮಾನ ನಿಲ್ದಾಣ ವಿಸ್ತರಣೆಯ ಸುದ್ದಿ ಬಂದಾಗಲೆಲ್ಲ ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಮೊದಲು ಹರಿದಾಡುವುದು ಹೊಸ ಟರ್ಮಿನಲ್‌ನ ಚಿತ್ರ. ಗಾಜಿನ ಗೋಡೆ, ಮಿನುಗುವ ನೆಲ, ಅಂಗಡಿ, ಏರೋಬ್ರಿಡ್ಜ್. ಗಲ್ಫ್‌ನಲ್ಲಿರುವ ಹುಡುಗರು ಅದಕ್ಕೆ ಹೃದಯದ ಗುರುತು ಒತ್ತುತ್ತಾರೆ. ರನ್‌ವೇಯ ತುದಿಯ ಚಿತ್ರವನ್ನು ಯಾರೂ ಹಾಕುವುದಿಲ್ಲ. ಹಾಕ್ಲಿಕ್ಕೆ ಅಲ್ಲಿ ಎಂತ ಉಂಟು? ಒಂದಿಷ್ಟು ಮಣ್ಣು, ಒಂದು ಬೇಲಿ, ಅದರಾಚೆ ಕಣಿವೆ. ಆದರೆ ಮಂಗಳೂರಿನಿಂದ ಕಾಸರಗೋಡಿನವರೆಗಿನ ನಮ್ಮ ಮನೆಗಳ ಮಟ್ಟಿಗೆ ಆ ಮಣ್ಣು ಎಷ್ಟು ಮೀಟರ್ ಉದ್ದ ಇದೆ ಎಂಬುದು ಟರ್ಮಿನಲ್‌ಗಿಂತ ದೊಡ್ಡ ಪ್ರಶ್ನೆ.

ಬಜ್ಪೆಯ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು. ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟ ವಿಮಾನದಲ್ಲಿ ಬಂದಿಳಿದಿದ್ದರು. ಸಮುದ್ರ ಮಟ್ಟದಿಂದ ಸುಮಾರು 100 ಮೀಟರ್ ಎತ್ತರದ ಮುರಕಲ್ಲಿನ ಗುಡ್ಡದ ತಲೆಯನ್ನು ಸಪಾಟು ಮಾಡಿ ಕಟ್ಟಿದ ಆ ರನ್‌ವೇ ಇದ್ದದ್ದು ಬರೇ 1,615 ಮೀಟರ್. 1981ರ ಆಗಸ್ಟ್‌ನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನ ಮಳೆಗಾಲದಲ್ಲಿ ಇಳಿಯುವಾಗ ರನ್‌ವೇ ದಾಟಿ ಅಂಚಿನಲ್ಲಿ ನಿಂತಿತು. ಯಾರೂ ಸಾಯಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆಗ ಗಲ್ಫ್‌ಗೆ ಹೋಗುವವರಿಗೆ ಬಜ್ಪೆಯಿಂದ ದಾರಿಯೇ ಇರಲಿಲ್ಲ. ಬಸ್ ಹತ್ತಿ ಬೊಂಬಾಯಿ, ಅಲ್ಲಿಂದ ವಿಮಾನ. ನಮ್ಮ ಕಾಕಂದಿರ ಕಾಲದವರಿಗೆ ಬೊಂಬಾಯಿಯ ಮುಸಾಫಿರಖಾನೆಗಳ ಗುರುತು ಈಗಲೂ ಉಂಟು.

2,450 ಮೀಟರ್ ಉದ್ದದ ಕಾಂಕ್ರೀಟಿನ ಎರಡನೇ ರನ್‌ವೇ ಬಳಕೆಗೆ ಬಂದದ್ದು 2006ರಲ್ಲಿ. ಅದೇ ವರ್ಷ ದುಬೈಗೆ ನೇರ ವಿಮಾನವೂ ಶುರುವಾಯಿತು. ಆ ಸಂತೋಷದ ನಡುವೆ ಒಂದು ಮಾತು ಮರೆತುಹೋಯಿತು. ವಿಸ್ತರಣೆಗೆ ಆರಿಸಿದ ಜಾಗ ಸುರಕ್ಷಿತವಲ್ಲ, ತುದಿಯಲ್ಲಿ ಜಾಗ ಸಾಲುವುದಿಲ್ಲ ಎಂದು ಸ್ಥಳೀಯರ ಸಮಿತಿಯೊಂದು 1997ರಲ್ಲೇ ಹೈಕೋರ್ಟ್ ಮೆಟ್ಟಿಲೇರಿತ್ತು. ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2003ರಲ್ಲಿ ಅರ್ಜಿ ವಜಾ ಆಯಿತು. ಆಗ ಅವರನ್ನು ಅಭಿವೃದ್ಧಿಯ ವಿರೋಧಿಗಳು ಅಂತ ಕರೆದವರಲ್ಲಿ ನಮ್ಮವರೂ ಇದ್ದರು.

2010ರ ಮೇ 22, ಶನಿವಾರ ಬೆಳಿಗ್ಗೆ ಆರು ಗಂಟೆಯ ಹೊತ್ತಿಗೆ ನಡೆದದ್ದನ್ನು ಈ ಪುಟದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮರಣ ಹೊಂದಿದರು, 8 ಮಂದಿ ಉಳಿದರು. ಗುರುತು ಸಿಗದ 12 ದೇಹಗಳನ್ನು ಕೂಳೂರಿನ ಬಳಿ ನದಿ ದಡದಲ್ಲಿ ಮಣ್ಣು ಮಾಡಲಾಯಿತು. ಏರ್ ಮಾರ್ಷಲ್ ಗೋಖಲೆ ನೇತೃತ್ವದ ತನಿಖೆ ಹೇಳಿದ್ದು ಇಷ್ಟು: ವಿಮಾನ ಸರಿಯಾದ ಎತ್ತರದಲ್ಲಿ ಇಳಿಯುತ್ತಿರಲಿಲ್ಲ, ಸಹ ಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಮೇಲೆ ಹೋಗಲಿಲ್ಲ. ರನ್‌ವೇಯಲ್ಲಿ ಸುಮಾರು 1,600 ಮೀಟರ್ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಬ್ರೇಕ್ ಹಾಕಿದ ನಂತರ ಮತ್ತೆ ಹಾರಲು ಯತ್ನವೂ ನಡೆಯಿತು.

ತಪ್ಪು ಪೈಲಟ್‌ನದ್ದು ಎಂಬಲ್ಲಿಗೆ ಹೆಚ್ಚಿನವರು ವರದಿಯನ್ನು ಮುಚ್ಚಿಟ್ಟರು. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಉಂಟು. ರನ್‌ವೇ ದಾಟಿದ ವಿಮಾನದ ಬಲ ರೆಕ್ಕೆ ಅಲ್ಲಿದ್ದ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ಬಡಿಯಿತು. ವಿಮಾನ ಬಡಿದರೆ ಮುರಿದು ಬೀಳುವಂತೆ ಆ ಕಟ್ಟೆ ಇರಬೇಕಿತ್ತು, ಇರಲಿಲ್ಲ. ಮನುಷ್ಯ ತಪ್ಪುತ್ತಾನೆ. ಆ ತಪ್ಪಿಗೆ ಎಷ್ಟು ಮಂದಿ ಬೆಲೆ ತೆರಬೇಕು ಎಂಬುದನ್ನು ಮಾತ್ರ ನಿಲ್ದಾಣ ಕಟ್ಟುವವರು ಮೊದಲೇ ನಿರ್ಧರಿಸಿಬಿಟ್ಟಿರುತ್ತಾರೆ.

ಇದಕ್ಕೆ ಒಂದು ಹೆಸರು ಉಂಟು, ‘ರೆಸಾ’. ರನ್‌ವೇ ಮುಗಿದ ಮೇಲೆ 60 ಮೀಟರ್ ಪಟ್ಟಿ, ಅದರಾಚೆ ವಿಮಾನ ಹಿಡಿತ ತಪ್ಪಿ ಓಡಿದರೂ ಅಪಾಯ ಕಡಿಮೆಯಾಗುವಂತೆ ಬಿಟ್ಟ ಖಾಲಿ ಸುರಕ್ಷಾ ಜಾಗ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಇದು ಕನಿಷ್ಠ 90 ಮೀಟರ್ ಇರಲೇಬೇಕು, 240 ಮೀಟರ್ ಇರುವುದು ಒಳ್ಳೆಯದು. ದುರಂತದ ದಿನ ನಮ್ಮಲ್ಲಿ ಇದ್ದದ್ದು 90. ನಿಯಮ ಮುರಿದಿರಲಿಲ್ಲ ನೋಡಿ! ಬಯಲಿನ ನಿಲ್ದಾಣಕ್ಕೂ ಗುಡ್ಡದ ತಲೆಯ ನಿಲ್ದಾಣಕ್ಕೂ ಕನಿಷ್ಠ ಒಂದೇ. ಬಯಲಿನಲ್ಲಿ 90 ದಾಟಿದರೆ ಗದ್ದೆ ಸಿಗುತ್ತದೆ, ನಮ್ಮಲ್ಲಿ ಕಣಿವೆ.

ಜಾಗ ಇಲ್ಲದಲ್ಲಿ ಮತ್ತೊಂದು ಉಪಾಯ ಉಂಟು. ರನ್‌ವೇ ತುದಿಯಲ್ಲಿ ಭಾರಕ್ಕೆ ಪುಡಿಯಾಗುವ ಹಗುರ ಕಾಂಕ್ರೀಟಿನ ಹಾಸು ಹಾಕುವುದು. ಇದಕ್ಕೆ ‘ಎಮಾಸ್’ ಅಂತಾರೆ. ಚಕ್ರ ಅದರಲ್ಲಿ ಕೆಸರು ಗದ್ದೆಯಲ್ಲಿ ಹುಗಿದ ಹಾಗೆ ಹುಗಿದು ವಿಮಾನ ನಿಲ್ಲುತ್ತದೆ. ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ 2005ರಲ್ಲಿ ಜಂಬೋ 747 ಸರಕು ವಿಮಾನವೇ ಹೀಗೆ ನಿಂತಿತು. ಖರ್ಚು ಹೆಚ್ಚು, ಒಮ್ಮೆ ಪುಡಿಯಾದರೆ ಆ ಭಾಗವನ್ನು ಹೊಸದಾಗಿ ಹಾಕಬೇಕು. ಆದರೂ ಗಾಜಿನ ಗೋಡೆಗೆ ದುಡ್ಡು ಸಿಗುವಾಗ ಇದಕ್ಕೂ ಸಿಗಬೇಕು.

ನೆರೆಯ ಕರಿಪ್ಪೂರಿನ ಕಥೆ ನಮಗೆ ದೊಡ್ಡ ಪಾಠ. ಅದೂ ಗುಡ್ಡದ ತಲೆಯ ನಿಲ್ದಾಣ, ಅಲ್ಲಿಯೂ ಗಲ್ಫ್ ಪ್ರಯಾಣಿಕರೇ ಹೆಚ್ಚು. 2015ರಲ್ಲಿ ರನ್‌ವೇ ದುರಸ್ತಿಗೆಂದು ದೊಡ್ಡ ವಿಮಾನಗಳನ್ನು ನಿಲ್ಲಿಸಿದರು. ಹಜ್ ಯಾತ್ರಿಕರನ್ನು ಕೊಚ್ಚಿಗೆ ಕಳಿಸಿದರು. ದೊಡ್ಡ ವಿಮಾನ ಮತ್ತೆ ಬಂದದ್ದು 2018ರ ಡಿಸೆಂಬರ್‌ನಲ್ಲಿ, ಹಜ್ ಯಾತ್ರೆ ಮರಳಿದ್ದು 2019ರಲ್ಲಿ. ವಯಸ್ಸಾದ ಉಮ್ಮಂದಿರು ಇಹ್ರಾಮಿನ ಗಂಟು ಹಿಡಿದು ಅಷ್ಟು ದೂರ ಹೋದರು. ಇಲ್ಲಿಂದಲೂ ಒಂದು ಕಾಲದಲ್ಲಿ ಹಜ್‌ಗೆ ನೇರ ವಿಮಾನ ಹೊರಡುತ್ತಿತ್ತಲ್ಲ, ಆ ನೆನಪಿರುವವರಿಗೆ ಇದರ ಕಷ್ಟ ಗೊತ್ತು. 2020ರ ಆಗಸ್ಟ್ 7ರ ರಾತ್ರಿ ಅದೇ ಕರಿಪ್ಪೂರಿನಲ್ಲಿ ಮಳೆಯ ನಡುವೆ ದುಬೈ ವಿಮಾನ ರನ್‌ವೇ ದಾಟಿ ಕೆಳಗುರುಳಿತು, 21 ಮಂದಿ ತೀರಿಕೊಂಡರು. ಆಮೇಲೆ ಕೇಂದ್ರ ಸರಕಾರ ಹೇಳಿದ್ದು ಖಡಕ್ಕಾಗಿತ್ತು: ರೆಸಾಗೆ ಭೂಮಿ ಕೊಡಿ, ಇಲ್ಲವಾದರೆ ಇರುವ ರನ್‌ವೇಯನ್ನೇ ಕಡಿಮೆ ಮಾಡುತ್ತೇವೆ. ರನ್‌ವೇ ಕಡಿಮೆಯಾದರೆ ದೊಡ್ಡ ವಿಮಾನದ ಆಸೆ ಹೋಯಿತು. ಕೊನೆಗೆ ಕೇರಳ ಸರಕಾರ ಜನರಿಂದ ಜಾಗ ಪಡೆದು ಕೊಟ್ಟಿತು.

ವಿಸ್ತರಣೆಯ ಕೆಲಸ ನೋಡಿಕೊಳ್ಳುವುದು ಮನೆ ಕಟ್ಟಿಸಿದಂತಲ್ಲ. ಮನೆಯಾದರೆ ಬಾಡಿಗೆ ಮನೆಗೆ ಹೋಗಿ ಕೂರಬಹುದು, ನಿಲ್ದಾಣಕ್ಕೆ ಬೀಗ ಹಾಕ್ಲಿಕ್ಕೆ ಆಗುವುದಿಲ್ಲ. ದುಬೈಯಲ್ಲಿ ಎರಡು ರನ್‌ವೇ ಉಂಟು. 2014ರಲ್ಲಿ 80 ದಿನ ಒಂದೊಂದನ್ನೇ ಸರದಿಯಂತೆ ಮುಚ್ಚಿ ಸರಿಮಾಡಿದರು, ಹಲವು ವಿಮಾನಗಳನ್ನು ಜಬಲ್ ಅಲಿ ಕಡೆಯ ಮಕ್ತೂಮ್ ನಿಲ್ದಾಣಕ್ಕೆ ಕಳಿಸಿದರು. ನಮ್ಮಲ್ಲಿ ದೊಡ್ಡ ವಿಮಾನ ಇಳಿಯುವುದು ಒಂದರಲ್ಲೇ. ಹಾಗಾಗಿ 2023ರ ಜನವರಿ ಕೊನೆಯಿಂದ ಬೆಳಿಗ್ಗೆ 9.30ರಿಂದ ಸಂಜೆ 6ರವರೆಗೆ ರನ್‌ವೇ ಮುಚ್ಚಿ, ಕಾಂಕ್ರೀಟಿನ ಮೇಲೆ ಡಾಂಬರು ಹಾಸಿದರು. ಸಂಜೆಯಾಗುತ್ತಿದ್ದಂತೆ ವಿಮಾನ ಇಳಿಯಬೇಕು. ಅಂದರೆ ದಿನದ ಹಾಸು ನಿಂತಲ್ಲಿ ಮೆಟ್ಟಿಲಿನಂತೆ ಬಿಡಲಾಗದು, ಇಳಿಜಾರು ಮಾಡಬೇಕು. ಡಾಂಬರು ತಣಿಯಬೇಕು. ಯಂತ್ರ, ಜಲ್ಲಿ, ಮೊಳೆ, ತುಂಡು ತಂತಿ ಏನೂ ಉಳಿಯಬಾರದು. 2000ದಲ್ಲಿ ಪ್ಯಾರಿಸ್‌ನಲ್ಲಿ ಕಾಂಕಾರ್ಡ್ ಉರಿದು 113 ಮಂದಿ ಸತ್ತದ್ದು ರನ್‌ವೇಯಲ್ಲಿ ಬಿದ್ದಿದ್ದ ಲೋಹದ ಪಟ್ಟಿಯೊಂದರ ಮೇಲೆ ಚಕ್ರ ಹಾದದ್ದರಿಂದ.

ಅದೇ ವರ್ಷ ಅಕ್ಟೋಬರ್ 31ರಂದು ತೈಪೆಯಲ್ಲಿ ಇನ್ನೂ ಭಯಂಕರವಾದದ್ದು ನಡೆಯಿತು. ತೂಫಾನಿನ ರಾತ್ರಿ ಸಿಂಗಾಪುರ ಏರ್‌ಲೈನ್ಸ್‌ನ ವಿಮಾನ ತಪ್ಪಿ, ಕಾಮಗಾರಿಗೆ ಮುಚ್ಚಿದ್ದ ರನ್‌ವೇಯಲ್ಲೇ ಓಡಿತು. ಮಳೆಯಲ್ಲಿ ಕಾಣದ ಯಂತ್ರಗಳಿಗೆ ಬಡಿದು 83 ಮಂದಿ ಸತ್ತರು. ಆ ರನ್‌ವೇಯ ಬಾಯಿಗೆ ಅಡ್ಡಗಟ್ಟು ಇರಲಿಲ್ಲ. ಅದರ ಒಂದು ಭಾಗವನ್ನು ವಿಮಾನಗಳು ಅತ್ತಿತ್ತ ಹೋಗಲು ಬಳಸುತ್ತಿದ್ದವು, ಹಾಗಾಗಿ ಅಡ್ಡ ಇಟ್ಟಿರಲಿಲ್ಲ. ಇಂಜಿನಿಯರುಗಳ ಮೇಲ್ವಿಚಾರಣೆ ಅಂದರೆ ಇದೇ. ಸಿಮೆಂಟ್ ಲೆಕ್ಕ ಬರೆಯುವುದು ಸುಲಭ. ಅಡ್ಡಗಟ್ಟು ಎಲ್ಲಿ, ದೀಪ ಆರಿಸಿದ್ದು ಯಾರು, ಪೈಲಟ್‌ಗೆ ತಿಳಿಸಿದ್ದು ಯಾವಾಗ ಎಂಬುದಕ್ಕೆ ದಿನದಿನವೂ ಒಬ್ಬರು ಉತ್ತರ ಕೊಡಬೇಕು.

ನಮ್ಮಲ್ಲಿ ಆ ಒಬ್ಬರು ಯಾರು? 2020ರ ಅಕ್ಟೋಬರ್ 31ರಿಂದ ನಿಲ್ದಾಣ ನಡೆಸುವುದು ಅದಾನಿ ಸಂಸ್ಥೆ, 50 ವರ್ಷದ ಗುತ್ತಿಗೆ. ವಿಮಾನಗಳಿಗೆ ದಾರಿ ತೋರಿಸುವುದು ವಿಮಾನ ನಿಲ್ದಾಣ ಪ್ರಾಧಿಕಾರ. ಪರವಾನಿಗೆ, ಸುರಕ್ಷತೆ ಡಿಜಿಸಿಎ ಕೈಯಲ್ಲಿ. ಭೂಮಿ, ರಸ್ತೆ ರಾಜ್ಯ ಸರಕಾರದ್ದು. ರಸ್ತೆಯನ್ನು ಹಗುರ ಮಾಡಬೇಡಿ ಮಾರಾಯ್ರೆ. 2021ರ ಜೂನ್‌ನಲ್ಲಿ ಮರವೂರು ಸೇತುವೆಯ ಕಂಬ ಕುಸಿದಾಗ ಮಂಗಳೂರಿನಿಂದ ನಿಲ್ದಾಣಕ್ಕೆ ಸುತ್ತು ಹಾಕಿ ಹೋಗಬೇಕಾಯಿತಲ್ಲ. ಇಷ್ಟು ಮಂದಿ ಯಜಮಾನರಿರುವಲ್ಲಿ ರನ್‌ವೇ ತುದಿಯ ಜಾಗದಂಥ ವಿಷಯ ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಗುತ್ತಾ ವರ್ಷ ಕಳೆಯುತ್ತದೆ. ಟರ್ಮಿನಲ್‌ಗೆ ಹೀಗೆ ಆಗುವುದಿಲ್ಲ, ಅದರಲ್ಲಿ ಅಂಗಡಿಯ ಬಾಡಿಗೆ ಬರುತ್ತದೆ.

ಗುಡ್ಡದ ಕೆಳಗಿನ ಮನೆಗಳ ವಿಷಯವೂ ಇದರೊಳಗೇ ಇದೆ. ಕೆಂಜಾರು, ಅದ್ಯಪಾಡಿ ಕಡೆ ತುದಿಯನ್ನು ಉದ್ದ ಮಾಡುವುದೆಂದರೆ ಕಣಿವೆಗೆ ಮಣ್ಣು ತುಂಬುವುದು. ತುಂಬಿದ ಮಣ್ಣು ನಮ್ಮ ಆಟಿ ಮಳೆಗೆ ನಿಲ್ಲಬೇಕು, ನೀರು ಹೋಗ್ಲಿಕ್ಕೆ ದಾರಿ ಬೇಕು. ಪ್ರಯಾಣಿಕರ ಜೀವ ಉಳಿಸಲೆಂದು ಇನ್ನೊಬ್ಬರ ಅಂಗಳಕ್ಕೆ ಕೆಸರು ನುಗ್ಗಿಸುವುದು ನ್ಯಾಯವಲ್ಲ. ಜಾಗ ಬಿಡುವವರಿಗೆ ಕೊಡುವ ಬೆಲೆ, ಬದಲಿ ಮನೆ ಮಣ್ಣು ಬೀಳುವ ಮೊದಲೇ ತೀರ್ಮಾನ ಆಗಬೇಕು.

ಇದನ್ನೆಲ್ಲ ಕೇಳುವ ಹಕ್ಕು ನಮಗೆ ಎಲ್ಲಿಂದ ಬಂತು ಅನ್ನುವವರು ತಮ್ಮ ಟಿಕೆಟ್ ತೆಗೆದು ನೋಡಲಿ. ಅದರಲ್ಲಿ ‘ಯುಡಿಎಫ್’ ಅಂತ ಒಂದು ಸಾಲು ಉಂಟು, ಬಳಕೆದಾರರ ಅಭಿವೃದ್ಧಿ ಶುಲ್ಕ. ನಿಲ್ದಾಣದ ವಿಸ್ತರಣೆಗೆ ಹಾಕುವ ಹಣ ಇದರ ಮೂಲಕ ನಮ್ಮಿಂದಲೇ ಹಿಂದೆ ಬರುತ್ತದೆ. ಇದನ್ನು ನಿಗದಿ ಮಾಡುವುದು ‘ಏರಾ’ ಎಂಬ ಕೇಂದ್ರದ ಪ್ರಾಧಿಕಾರ. ನಿಗದಿ ಮಾಡುವ ಮೊದಲು ಅದು ಯಾವ ಕಾಮಗಾರಿಗೆ ಎಷ್ಟು ಎಂದು ಕರಡು ಪ್ರಕಟಿಸಿ ಅಭಿಪ್ರಾಯ ಕೇಳುತ್ತದೆ. ವಿಮಾನ ಕಂಪೆನಿಗಳು ಬರೆಯುತ್ತವೆ. ಗಲ್ಫ್‌ನಲ್ಲಿ ನಮ್ಮದೇ ಎಷ್ಟು ಸಂಘಟನೆಗಳಿವೆ, ಊರಿನಲ್ಲಿ ಎಷ್ಟು ಜಮಾಅತ್ ಕಮಿಟಿಗಳಿವೆ. ಮುಂದಿನ ಕರಡು ಬಂದಾಗ ಅದರಲ್ಲಿ ಹುಡುಕಬೇಕಾದ ಅಂಕಿ ಕಷ್ಟದ್ದೇನಲ್ಲ: ಎರಡೂ ತುದಿಯಲ್ಲಿ ರೆಸಾ ಎಷ್ಟು ಮೀಟರ್, ಅದಕ್ಕೆ ಇಟ್ಟ ದುಡ್ಡು ಎಷ್ಟು, ಮುಗಿಯುವ ವರ್ಷ ಯಾವುದು.