ಪಿನ್ನಿನ ತೂತಿಗೆ ಬೇಕಾದ ಅಂಕಿ

1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೆಯ ಲೇತೊಂದು ಹೊಳಲ್ಕೆರೆಯ ವರ್ಕ್‌ಶಾಪಿಗೆ ರಿಪೇರಿಗೆ ಬಂದಿದೆ ಎಂದುಕೊಳ್ಳಿ. ಲೇತನ್ನು ಬಿಚ್ಚುತ್ತಾರೆ, ಸವೆದದ್ದನ್ನು ಬದಲಿಸುತ್ತಾರೆ, ಮತ್ತೆ ಕೂಡಿಸುತ್ತಾರೆ. ಅದರ ಫೀಡ್ ಬಾಕ್ಸನ್ನು ಬೆಡ್ಡಿಗೆ ಬಿಗಿಯುವುದು ಬೋಲ್ಟು. ಆದರೆ ಬೋಲ್ಟಿನ ತೂತು ಬೋಲ್ಟಿಗಿಂತ ದೊಡ್ಡದಿರುವುದರಿಂದ ಬಾಕ್ಸು ಅತ್ತಿತ್ತ ಸರಿಯಬಹುದು. ಮೊದಲಿದ್ದ ಜಾಗಕ್ಕೇ ಅದನ್ನು ತಂದು ಕೂರಿಸುವುದು ಡೋವೆಲ್ ಪಿನ್. ಈ ಪಿನ್ನನ್ನು ನಾವು ತಯಾರಿಸುವುದಿಲ್ಲ, ಅಂಗಡಿಯಿಂದ ತರುತ್ತೇವೆ. ಗಟ್ಟಿ ಮಾಡಿ ಸಾಣೆ ಹಿಡಿದ 8 ಮಿ.ಮೀ. ಪಿನ್ನು ಎಂ6 ದರ್ಜೆಯದಾದರೆ ಅದರ ವ್ಯಾಸ 8.006ರಿಂದ 8.015 ಮಿ.ಮೀ.ವರೆಗೆ ಇರುತ್ತದೆ. ಅದನ್ನು ನಾವು ಮುಟ್ಟುವಂತಿಲ್ಲ. ಹಾಗಾಗಿ ಪಿನ್ನು ಎಷ್ಟು ಬಿಗಿಯಾಗಿ ಕೂರಬೇಕು ಎಂಬ ತೀರ್ಮಾನವೆಲ್ಲ ತೂತಿನ ಅಳತೆಯಲ್ಲೇ ಇದೆ. ಡ್ರಾಯಿಂಗಿನಲ್ಲಿ ಆ ಅಳತೆಯನ್ನು ಮಿತಿಗಳ ಸಮೇತ ಬರೆಯದಿದ್ದರೆ ಏನನ್ನೂ ಬರೆದಂತಾಗಲಿಲ್ಲ.

ಬರೀ 8 ಎಂದು ಬರೆದರೆ ಏನಾಗುತ್ತದೆ ನೋಡಿ. ಡ್ರಾಯಿಂಗಿನ ಮೂಲೆಯಲ್ಲಿ ಸಾಮಾನ್ಯ ಟಾಲರೆನ್ಸ್ 'ಮಧ್ಯಮ ದರ್ಜೆ' ಎಂದಿದ್ದರೆ ಈ ಅಳತೆಗೆ 0.2 ಮಿ.ಮೀ. ಹೆಚ್ಚುಕಡಿಮೆ ಒಪ್ಪಿಗೆ. 7.8ರ ತೂತೂ ಪಾಸು, 8.2ರ ತೂತೂ ಪಾಸು. ಮೊದಲನೆಯದಕ್ಕೆ ಪಿನ್ನು ಹೋಗದು, ಎರಡನೆಯದರಲ್ಲಿ ನಿಲ್ಲದು. ಪಕ್ಕದಲ್ಲಿ 'ಪ್ರೆಸ್ ಫಿಟ್' ಎಂದು ಸೇರಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಆ ಪದವನ್ನು ಪ್ಲಗ್ ಗೇಜಿನಿಂದ ಅಳೆಯಲಾಗದು. ಹೆಚ್ಚಿನವರು ಆಗ ಕೈಹಾಕುವುದು ಎಚ್7 ಎಂಬ ಗುರುತಿಗೆ, ಅಂದರೆ 8.000ರಿಂದ 8.015ರವರೆಗಿನ ತೂತು. ಲೆಕ್ಕ ಹಾಕಿದರೆ ತೊಡಕು ಕಾಣುತ್ತದೆ. ಚಿಕ್ಕ ತೂತಿಗೆ ದೊಡ್ಡ ಪಿನ್ನು ಬಂದರೆ 15 ಮೈಕ್ರಾನ್ ಬಿಗಿ. ದೊಡ್ಡ ತೂತಿಗೆ ಚಿಕ್ಕ ಪಿನ್ನು ಬಂದರೆ 9 ಮೈಕ್ರಾನ್ ಸಡಿಲ. ಎರಡೂ ಡ್ರಾಯಿಂಗ್ ಪ್ರಕಾರ ಸರಿಯೇ! ಅದೇ ತೂತಿಗೆ ಎನ್7 ಎಂದು, ಜೊತೆಗೆ 7.981–7.996 ಎಂದು ಬರೆದರೆ ಯಾವ ಪಿನ್ನು ಬಂದರೂ ಕನಿಷ್ಠ 10, ಗರಿಷ್ಠ 34 ಮೈಕ್ರಾನ್ ಬಿಗಿ ಖಚಿತ. ಗೋಡೆ ತೆಳುವಾದ ಎರಕದ ಭಾಗಕ್ಕೆ 34 ಮೈಕ್ರಾನ್ ಹೆಚ್ಚಾಗಿ ಬಿರುಕು ಬಿಡಬಹುದೆಂಬ ಅಳುಕಿದ್ದರೆ ಎಂ7 ಇದೆ. ಅಲ್ಲಿ 6ರಿಂದ 30.

ಎಚ್7 ರೀಮರ್ ಎಲ್ಲ ವರ್ಕ್‌ಶಾಪಿನಲ್ಲೂ ಇರುತ್ತದೆ, ಅದರಲ್ಲೇ ಕೆಲಸ ನಡೆದಿದೆಯಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ತೂತು, ಪಿನ್ನು ಎರಡೂ ಮಿತಿಯ ನಡುವೆ ಬಿದ್ದರೆ 3 ಮೈಕ್ರಾನ್ ಬಿಗಿ ಸಿಗುತ್ತದೆ, ಪಿನ್ನು ಸುತ್ತಿಗೆಯ ಮೆಲು ಏಟಿಗೆ ಕೂರುತ್ತದೆ. ಮುಚ್ಚಳವೇ ಅಡ್ಡವಿದ್ದು ಪಿನ್ನು ಬೀಳುವಂತಿಲ್ಲದ ಕಡೆ ಅಷ್ಟು ಸಾಕು. ಅಡಿಕೆ ಸುಲಿಯುವ ಯಂತ್ರದಂತೆ ದಿನವಿಡೀ ನಡುಗುವ ಕಡೆ, ತಲೆಕೆಳಗಾಗಿ ಕೂತ ಪಿನ್ನಿಗೆ, ಆ ಲಾಟರಿ ಬೇಡ. ನೂರನೇ ಒಂದು ಮಿ.ಮೀ. ಅಂತರದ ಅಳತೆಗಳಲ್ಲೂ ರೀಮರ್ ಸಿಗುತ್ತದೆ; ಒಂದು ರೀಮರಿನ ಬೆಲೆ ಉಳಿಸಲು ಗೇರ್ ಬಾಕ್ಸನ್ನು ಪಣಕ್ಕಿಡುವುದು ಜಾಣತನವಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹಳೆಯ ಫಿಟ್ಟರುಗಳದು. ಎರಡು ಭಾಗ ಜೋಡಿಸಿ, ಡಯಲ್ ಇಟ್ಟು ಸರಿನೋಡಿ, ಎರಡಕ್ಕೂ ಒಟ್ಟಿಗೇ ತೂತು ಕೊರೆದು ರೀಮ್ ಮಾಡಿದರೆ ಅಂಕಿಯ ಗೊಡವೆಯೇ ಇಲ್ಲ ಎನ್ನುತ್ತಾರೆ. 50 ಮಿ.ಮೀ. ಉದ್ದಕ್ಕೆ 1 ಮಿ.ಮೀ. ಸಣ್ಣಗಾಗುವ ಟೇಪರ್ ಪಿನ್ನು ಹೀಗೆಯೇ ಕೂರುತ್ತದೆ, ಚೆನ್ನಾಗಿಯೇ ಕೂರುತ್ತದೆ. ಒಂದೇ ಒಂದು ಜಿಗ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಆ ಎರಡು ಭಾಗಗಳು ಆಮೇಲೆ ಬಿಡಿಸಲಾಗದ ಜೋಡಿ. ಇಪ್ಪತ್ತು ವರ್ಷದ ಮೇಲೆ ಒಂದು ಒಡೆದು ಹೊಸದು ತಂದರೆ ಅದರಲ್ಲಿ ತೂತೇ ಇರದು, ಇದ್ದರೂ ಹೊಂದದು. ಹೊಳಲ್ಕೆರೆಯ ಫಿಟ್ಟರು ಕಾರ್ಖಾನೆಯ ಕೆಲಸವನ್ನು ಮೊದಲಿಂದ ಮಾಡಬೇಕು. ಬಿಡಿಭಾಗ ತಂದು ಕೂರಿಸಿದರೆ ಸಾಕು ಎನ್ನುವಂತಿರಬೇಕಾದರೆ ತೂತಿನ ವ್ಯಾಸದ ಜೊತೆಗೆ ಅದರ ಜಾಗಕ್ಕೂ ಪ್ರತ್ಯೇಕ ಟಾಲರೆನ್ಸ್ ಬೇಕು. ವ್ಯಾಸ ಮೈಕ್ರಾನಿನಲ್ಲಿ, ಎರಡು ತೂತುಗಳ ನಡುವಿನ ದೂರ ಮಾತ್ರ 0.2ರ ಸಾಮಾನ್ಯ ಟಾಲರೆನ್ಸಿನಲ್ಲಿ ಇರುವ ಡ್ರಾಯಿಂಗುಗಳಿಗೆ ಬರವಿಲ್ಲ. ಅಷ್ಟು ಕಷ್ಟಪಟ್ಟು ರೀಮ್ ಮಾಡಿದ್ದು ಅಲ್ಲಿ ದಂಡ.

ಬಿಗಿ ಇರಬೇಕಾದದ್ದು ಒಂದೇ ಭಾಗದಲ್ಲಿ. ಎರಡರಲ್ಲೂ ಬಿಗಿದರೆ ಮುಚ್ಚಳ ತೆಗೆಯಲು ಸನಿಕೆ ಹಾಕಿ ಮೀಟಬೇಕಾಗುತ್ತದೆ. ಎದುರು ಭಾಗಕ್ಕೆ ಎಫ್7, ಅಂದರೆ 8.013–8.028 ಕೊಟ್ಟರೆ ಸಡಿಲ 22 ಮೈಕ್ರಾನ್ ಮೀರದು, ಬಿಗಿಯಾದರೂ 2 ಮೈಕ್ರಾನ್ ಅಷ್ಟೆ. ಭಾಗಕ್ಕೆ ಸತುವಿನ ಲೇಪ ಇದ್ದರೆ 'ಅಳತೆ ಲೇಪದ ನಂತರ' ಎಂದು ಸೇರಿಸಬೇಕು, ಏಕೆಂದರೆ 8 ಮೈಕ್ರಾನ್ ದಪ್ಪದ ಲೇಪ ಎರಡೂ ಬದಿಯಿಂದ ಸೇರಿ 16 ಮೈಕ್ರಾನ್ ನುಂಗುತ್ತದೆ. ಎನ್7ರ ಇಡೀ ಟಾಲರೆನ್ಸ್ ಇರುವುದೇ 15. ಸಾಧ್ಯವಿದ್ದಲ್ಲಿ ತೂತು ಆಚೆ ಬದಿಗೆ ಹಾಯುವಂತಿರಲಿ: ಒಳಗಿನ ಗಾಳಿ, ಎಣ್ಣೆ ಹೊರಬೀಳುತ್ತದೆ, ಬಿಚ್ಚುವಾಗ ಹಿಂದಿನಿಂದ ಪಂಚ್ ಇಟ್ಟು ಹೊಡೆಯಬಹುದು. ತಳ ಮುಚ್ಚಲೇಬೇಕಾದಲ್ಲಿ ಗಾಳಿಗೆ ದಾರಿಯಿರುವ, ತಲೆಯಲ್ಲಿ ಥ್ರೆಡ್ ಇರುವ ಪಿನ್ನನ್ನೇ ಡ್ರಾಯಿಂಗಿನ ಪಟ್ಟಿಯಲ್ಲಿ ಬರೆಯಬೇಕು. ಸ್ಕ್ರೂ ತಿರುಗಿಸಿ ಎಳೆದರೆ ಅದು ಹೊರಬರುತ್ತದೆ.